ನಲ್ಲಿ ಕಟ್ಟೆಯ ರಾಜ್ಯ

ಆ ದಿನಗಳಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ನಂದಿದುರ್ಗದ ಕಾರ್ಮಿಕರ ಮನೆಸಾಲುಗಳಲ್ಲಿ, ಅಂದರೆ ಲೈನುಗಳಲ್ಲಿ, ನಲ್ಲಿಯ ಮುಂದೆ ಹೆಂಗಸರಿಗಿಂತ ಮೊದಲು ಕಲ್ಲುಗಳು ಬಂದು ಸಾಲು ನಿಲ್ಲುತ್ತಿದ್ದವು. ನೀರು ಬಿಡುವುದು ಹೊತ್ತೇರಿದ ಮೇಲೆ. ಅಲ್ಲಿಯವರೆಗೆ ಕಾಯುತ್ತ ಕೂರಲು ಯಾರಿಗೆ ಪುರುಸೊತ್ತು? ಎದ್ದವರೇ ಒಂದು ಕಲ್ಲೋ, ಅರ್ಧ ಇಟ್ಟಿಗೆಯೋ, ತಳ ಹೋದ ಕೊಡವೋ ಇಟ್ಟು ಒಲೆಯ ಕಡೆ ಓಡುತ್ತಿದ್ದರು. ಯಾವ ಕಲ್ಲು ಯಾರದ್ದೆಂದು ಎಲ್ಲರಿಗೂ ಗೊತ್ತು. ಜುಟ್ಟು ಹಿಡಿದು ಜಗಳವಾಡುವವರೂ ಇನ್ನೊಬ್ಬಳ ಕಲ್ಲನ್ನು ಮಾತ್ರ ಸರಿಸುತ್ತಿರಲಿಲ್ಲ. ನೀವೂ ಅಂಥ ಸಾಲಿನಲ್ಲಿ ಕಲ್ಲಿಟ್ಟವರಾದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಆ ಸಾಲಿನ ಪಕ್ಕ, ಬೇವಿನ ಮರದ ಬುಡದಲ್ಲಿ ನಮ್ಮಜ್ಜಿ ಮೊಸರು ಮಾರುತ್ತಿದ್ದಳು. ನಮ್ಮದು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಮೊದಲ ಬಸ್ಸಿಗೆ ಮೊಸರಿನ ಮಡಕೆ ಹತ್ತಿಸಿ, ಇಳಿದ ಮೇಲೆ ತಲೆಗೆ ಸಿಂಬೆ ಇಟ್ಟು, ಮಡಕೆ ಹೊತ್ತು ಲೈನಿಗೆ ನಡೆಯುವುದು. ಬೇಸಿಗೆ ರಜೆಯಲ್ಲಿ ನಾನೂ ಅವಳ ಸೆರಗು ಹಿಡಿದು ಹೊರಡುತ್ತಿದ್ದೆ. ಲೈನಿನವರ ಬಾಯಲ್ಲಿ ಅವಳು ‘ತಯಿರ್ ಪಾಟಿ’, ಅಂದರೆ ಮೊಸರಜ್ಜಿ. ಅಜ್ಜಿ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ನಲ್ಲಿಯ ಹತ್ತಿರ ತಮಿಳು ಆಡುತ್ತಿದ್ದಳು. ಮೂರರಲ್ಲಿಯೂ ಅವಳಿಗೆ ಬೈಯಲು ಚೆನ್ನಾಗಿ ಬರುತ್ತಿತ್ತು.

ಮಧ್ಯಾಹ್ನದ ತನಕ ನಾನು ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿರುತ್ತಿದ್ದೆ. ಅವಳ ಸೀರೆಗೆ ಮೊಸರಿನ ಹುಳಿ, ಸೌದೆ ಹೊಗೆ, ಎಲೆಯಡಿಕೆ ಎಲ್ಲ ಸೇರಿದ ಒಂದು ವಾಸನೆ. ದೂರದಲ್ಲಿ ಗಣಿ ಬಾಯಿಯ ದೊಡ್ಡ ಚಕ್ರ ಗುಂಯ್ ಎಂದು ತಿರುಗುತ್ತಿತ್ತು. ಅದರಾಚೆ ಗಣಿಯ ಮಣ್ಣು ಸುರಿದು ಸುರಿದು ಬೆಟ್ಟವಾದ ಸೈನೈಡ್ ದಿಬ್ಬ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಕಣ್ಣು ಅರ್ಧ ಮುಚ್ಚಿದರೆ ಸಾಕು, ದಿಬ್ಬ ಕೋಟೆಯಾಗುತ್ತಿತ್ತು, ಕೊಡಗಳೆಲ್ಲ ಆನೆಗಳಾಗುತ್ತಿದ್ದವು, ಅಜ್ಜಿ ರಾಣಿಯಾಗುತ್ತಿದ್ದಳು. ನಾನು ರಾಣಿಯ ಮೊಮ್ಮಗಳು, ಅದರಲ್ಲೇನೂ ಅನುಮಾನವಿರಲಿಲ್ಲ.

ಆದರೆ ಆ ವರ್ಷ ರಾಣಿಗೆ ಕಷ್ಟ ಬಂದಿತ್ತು. ಊರಿಗೆ ಡೈರಿ ಬಂದು, ನಮ್ಮಪ್ಪನ ಕಣ್ಣು ಸೀಮೆ ಹಸುವಿನ ಮೇಲೆ ಬಿದ್ದಿತ್ತು. ಎಮ್ಮೆ ಮಾರಿ ಹಸು ಕಟ್ಟೋಣ, ಊರಲ್ಲೇ ಹಾಲು ಹಾಕಿ ಬಂದರಾಯಿತು, ಈ ವಯಸ್ಸಿನಲ್ಲಿ ಮಡಕೆ ಹೊತ್ತು ತಿರುಗುವುದು ಯಾಕೆ ಎಂದು ಅವನ ವಾದ. ಅಜ್ಜಿಗೆ ಆ ಎಮ್ಮೆ ಗೌರಿ ಎಂದರೆ ಪ್ರಾಣ. ಕರುವಾಗಿದ್ದಾಗ ರಾಗಿ ಗಂಜಿ ಕುಡಿಸಿ ಬದುಕಿಸಿದ್ದು ಅವಳೇ. ಕೊನೆಗೆ ತಾಯಿ ಮಗ ಒಂದು ಮಾತಿಗೆ ಬಂದರು. ಮಡಕೆ ಖಾಲಿಯಾಗಿ ಬರುವಷ್ಟು ದಿನ ಗೌರಿ ಇರಲಿ. ಮಡಕೆ ತುಂಬಿ ವಾಪಸ್ಸು ಬಂದ ದಿನ ಅಪ್ಪ ದಲ್ಲಾಳಿಯನ್ನು ಕರೆಯಬಹುದು, ಗೌರಿ ಬಂಗಾರಪೇಟೆ ಸಂತೆಗೆ. ಅಜ್ಜಿ ಧೈರ್ಯವಾಗಿ ಒಪ್ಪಿಕೊಂಡಳು. ಆದರೆ ಆ ಬೇಸಿಗೆಯಲ್ಲಿ ಮಡಕೆಯ ತಳದಲ್ಲಿ ದಿನಾ ಒಂದಿಷ್ಟು ಮೊಸರು ಉಳಿಯತೊಡಗಿದ್ದನ್ನು ನಾವಿಬ್ಬರೇ ಬಲ್ಲೆವು. ಮನೆ ಮುಟ್ಟುವ ಮೊದಲು ಅದನ್ನು ನಾನೇ ಕುಡಿದು ಮುಗಿಸುತ್ತಿದ್ದೆ.

ಇಲ್ಲಿ ನನ್ನ ವಿದ್ಯೆ ಅಡ್ಡ ಬಂತು.

ರಜೆಗೆ ಮುಂಚೆ ನಮ್ಮ ಮೇಷ್ಟ್ರು ಹಳೆಯ ರಾಜ್ಯಗಳ ಪಾಠ ಮಾಡಿದ್ದರು. ಬೋರ್ಡಿನಲ್ಲಿ ಜಾಗ ಸಾಲದೆ ಶಾಲೆಯ ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ನದಿ, ಬೆಟ್ಟ, ದಾರಿ ಬರೆದರು. ರಾಜ ಮೊದಲು ಬರಲಿಲ್ಲ, ಮೊದಲು ದಾರಿಗಳು ಬಂದು ಕೂಡಿದವು, ಅಲ್ಲಿ ಉಪ್ಪು ಬಟ್ಟೆ ಮಾರುವವನು ಕೂತ, ಅವನನ್ನು ಕಾಯಲು ಒಬ್ಬ ಕತ್ತಿ ಹಿಡಿದು ನಿಂತ, ನಿಂತವನೇ ರಾಜನಾದ ಎಂದರು. ನಮ್ಮ ಕೋಲಾರದಲ್ಲಿದ್ದ ಗಂಗರು ತಲಕಾಡಿಗೆ ಹೋದದ್ದನ್ನೂ ಹೇಳಿದರು. ನನಗೆ ಸಿಟ್ಟು ಬಂತು. ಇಷ್ಟು ಚಿನ್ನ ಇರುವ ಸೀಮೆ ಬಿಟ್ಟು ಮರಳಿನ ಊರಿಗೆ ಯಾಕೆ ಹೋದರು ಎಂದು ಎದ್ದು ನಿಂತು ಕೇಳಿದೆ. ಮೇಷ್ಟ್ರು ನಕ್ಕರು. “ಅಲ್ಲಿ ಕಾವೇರಿ ಇದೆ. ಚಿನ್ನ ಕುಡಿಯಕ್ಕಾಗುತ್ತೇನಮ್ಮ?” ಎಂದರು.

ನಾನು ಅದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಒಂದು ಸಂಜೆ ಇದ್ದಿಲು ತಗೊಂಡು ಹಜಾರದ ನೆಲದಲ್ಲಿ ನಂದಿದುರ್ಗದ ನಕ್ಷೆ ಬರೆದೆ. ಇದು ಲೈನು, ಇದು ನಲ್ಲಿ, ಇದು ಗಣಿಯ ಗೇಟು. ನಲ್ಲಿಗೆ ಬರುವುದು ಒಂದು ಲೈನಿನ ಹೆಂಗಸರು. ಗೇಟಿನಲ್ಲಿ ಎಲ್ಲ ದಾರಿಗಳೂ ಕೂಡುತ್ತವೆ, ಪಾಳಿ ಬಿಟ್ಟಾಗ ನೂರಾರು ಜನ ಹೊರಗೆ ಬರುತ್ತಾರೆ. ಅಲ್ಲಿ ಕೂತರೆ ಮಡಕೆ ಒಂದು ಗಳಿಗೆಯಲ್ಲಿ ಖಾಲಿ. ಅಜ್ಜಿ ಎಲೆಯಡಿಕೆ ಜಗಿಯುತ್ತ ಇದ್ದಿಲ ಗೆರೆಗಳನ್ನು ಬಹಳ ಹೊತ್ತು ನೋಡಿದಳು.

“ನಿಮ್ ಮೇಷ್ಟ್ರು ಇಂಗೇ ಏಳಿದ್ರಾ?” ಎಂದಳು.

“ಇಂಗೇ ಏಳಿದ್ರು.”

“ಓದಿರೋರು ಏಳಿದ್ಮೇಲೆ ಸರಿ. ನೋಡಾಣ ನಡಿ.”

ನಾಲ್ಕು ದಿನ ಗೇಟಿನ ಮುಂದೆ ಕೂತೆವು. ಮರವಿಲ್ಲ, ನೆರಳಿಲ್ಲ. ಸೈರನ್ ಕೂಗಿದೊಡನೆ ಜನ ಬರುತ್ತಿದ್ದರು ನಿಜ, ನನ್ನ ನಕ್ಷೆ ಸುಳ್ಳಾಗಲಿಲ್ಲ. ಆದರೆ ಬಂದವರು ಬಂದಂತೆಯೇ ಹೋಗುತ್ತಿದ್ದರು. ಭೂಮಿಯ ಹೊಟ್ಟೆಯಿಂದ ಎದ್ದು ಬಂದವರ ಕಣ್ಣು ಬಿಸಿಲಿಗೆ ಮುಚ್ಚಿರುತ್ತಿದ್ದವು, ಕಾಲು ಮನೆಯ ಕಡೆಗೇ ತಿರುಗಿರುತ್ತಿದ್ದವು. ಒಬ್ಬ ವಯಸ್ಸಾದವನು ಮಾತ್ರ ನಿಂತು, ತನ್ನ ಎರಡೂ ಬರಿಗೈಗಳನ್ನು ಅಜ್ಜಿಯ ಮುಂದೆ ಚಾಚಿ ತೋರಿಸಿದ. “ಯಾತ್ರಲ್ಲಿ ತಗೊಂಡೋಗ್ಲಿ ಪಾಟಿ, ನೀನೇ ಏಳು?” ಎಂದ. ಅವನು ಕೇಳಿದ್ದು ಸರಿಯೇ. ಪಾಳಿ ಮುಗಿಸಿ ಬರುವ ಗಂಡಸಿನ ಕೈಯಲ್ಲಿ ಪಾತ್ರೆ ಎಲ್ಲಿರುತ್ತದೆ? ಇಷ್ಟು ಸಣ್ಣ ವಿಷಯ ನನ್ನ ಇದ್ದಿಲಿಗೆ ಹೊಳೆದಿರಲಿಲ್ಲ.

ಮೂರು ದಿನ ಉಳಿದ ಮೊಸರನ್ನು ಅಜ್ಜಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿಬಿಟ್ಟಳು. ನಾಲ್ಕನೆಯ ದಿನ ಬಿಸಿಲಿಗೆ ಮೊಸರು ಹುಳಿಯಾಗಿ, ಯಾರಿಗೂ ಕೊಡುವ ಹಾಗಿರಲಿಲ್ಲ. ಮಡಕೆ ತುಂಬಿಯೇ ಮನೆಗೆ ಬಂತು. ಅಪ್ಪ ಮುಚ್ಚಳ ಸರಿಸಿ ನೋಡಿದ. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ ಅವನು, ಆದರೂ ಅಂದು ತಪ್ಪು ಹುಡುಕಲಿಲ್ಲ. ನಾಳೆ ಸಂಜೆ ದಲ್ಲಾಳಿ ಬರುತ್ತಾನೆ ಎಂದಷ್ಟೇ ಹೇಳಿ ಹೊರಗೆ ಹೋದ. ನಾನು ಕೊಟ್ಟಿಗೆಗೆ ಹೋಗಿ ಗೌರಿಯ ಕುತ್ತಿಗೆ ತಬ್ಬಿಕೊಂಡು ಅತ್ತೆ. ಅಜ್ಜಿ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಳೆ ನಲ್ಲಿ ಹತ್ತಿರ ಹೋಗಿ, ಇನ್ನು ಬರುವುದಿಲ್ಲ ಎಂದು ಹೇಳಿ ಬರೋಣ, ಹೇಳದೆ ಬಿಟ್ಟರೆ ಸರಿಯಲ್ಲ ಎಂದಳು.

ಮರುದಿನ ಆ ದಿನದ ಮೊಸರಿನ ಮಡಕೆಯನ್ನೂ ಹೊತ್ತು ಹೊರಟೆವು. ಲೈನಿನ ತಿರುವಿನಲ್ಲೇ ನಮಗೆ “ಮೊಸರೂ” ಎಂಬ ಕೂಗು ಕೇಳಿಸಿತು. ಅಜ್ಜಿಯ ಕಾಲು ಒಂದು ಕ್ಷಣ ನಿಂತುಹೋಯಿತು. ಹತ್ತಿರ ಹೋದರೆ, ಬೇರೆ ಯಾವುದೋ ಹಳ್ಳಿಯ ಹೆಂಗಸು ಅಲ್ಯೂಮಿನಿಯಂ ಪಾತ್ರೆ ಇಟ್ಟುಕೊಂಡು ಸಾಲಿನ ಆ ತುದಿಯಲ್ಲಿ, ಸುಡು ಬಿಸಿಲಿನಲ್ಲಿ ಕೂತಿದ್ದಳು. ಇತ್ತ ಬೇವಿನ ನೆರಳಲ್ಲಿ ಯಾರೂ ಇರಲಿಲ್ಲ. ಅಜ್ಜಿ ಕೂರುವ ಜಾಗದಲ್ಲಿ ಬೋರಲು ಹಾಕಿದ ಒಂದು ನೆಗ್ಗಿದ ಕೊಡ, ಅದರ ಮೇಲೆ ಒಂದು ಕಲ್ಲು.

ಲೈನಿನ ಮೊದಲ ಮನೆಯ ಸೆಲ್ವಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಸಾಲಿನ ಜಗಳಗಳಿಗೆಲ್ಲ ಅವಳೇ ಮುಂದು.

“ಎಂಗ ಪೋಯಿಟ್ಟೆ ಪಾಟಿ?” ಎಲ್ಲಿಗೆ ಹೋಗಿದ್ದೆ ಎಂದು ತಮಿಳಿನಲ್ಲಿ ಗದರಿ, ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು. “ಮೊಸರು ಅವಳತ್ರ ತಗೊಂಡ್ವಿ, ಸುಳ್ಳು ಹೇಳಲ್ಲ. ಜಾಗ ಮಾತ್ರ ಕೊಡ್ಲಿಲ್ಲ.”

ಇನ್ನು ಬರುವುದಿಲ್ಲ ಎಂಬ ಮಾತನ್ನು ಅಜ್ಜಿ ಅಲ್ಲಿಗೇ ಬಿಟ್ಟಳು. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಕೊಡ ಸರಿಸಿ ಕೂತಳು. ಒಲೆ ಕೆಲಸ ಮುಗಿಸಿ ಬಂದ ಹೆಂಗಸರು ನೀರು ಬರುವ ತನಕ ಅಲ್ಲೇ ನಿಲ್ಲಬೇಕಿತ್ತು. ಪಾತ್ರೆಯ ಮೇಲೆ ಪಾತ್ರೆ ಬಂತು. ನಾಲ್ಕು ದಿನದ ಸುದ್ದಿಯೆಲ್ಲ ಕೇಳಿ ಮುಗಿಯುವ ಮೊದಲೇ ಮಡಕೆ ಬರಿದಾಗಿತ್ತು. ಏಳುವ ಹೊತ್ತಿಗೆ ಅಜ್ಜಿ ಆ ಹೊಸಬಳನ್ನು ಕೂಗಿ, ಇಲ್ಲಿ ನೆರಳಿದೆ ಬಾರಮ್ಮ, ಇಬ್ಬರಿಗೂ ಸಾಕು ಎಂದಳು. ನನಗೆ ಮೈಯೆಲ್ಲ ಉರಿಯಿತು. ರಾಜ್ಯ ಹಂಚುವ ರಾಣಿಯನ್ನು ನಾನು ಯಾವ ಪಾಠದಲ್ಲೂ ಓದಿರಲಿಲ್ಲ.

ಸಂಜೆ ದಲ್ಲಾಳಿ ಬಂದಾಗ ಅಜ್ಜಿ ಖಾಲಿ ಮಡಕೆಯನ್ನು ಜಗುಲಿಯ ಮೇಲೆ ಬೋರಲು ಹಾಕಿ, ಅದರ ಪಕ್ಕದಲ್ಲೇ ಕೂತಿದ್ದಳು. ಅಪ್ಪ ಮಡಕೆ ನೋಡಿದ, ತಾಯಿಯ ಮುಖ ನೋಡಿದ, ದಲ್ಲಾಳಿಗೆ ಕಾಫಿ ಕೊಟ್ಟು ಕಳಿಸಿದ. ಗೌರಿ ನಮ್ಮ ಕೊಟ್ಟಿಗೆಯಲ್ಲೇ ಮುದಿಯಾದಳು.

ಶಾಲೆ ಶುರುವಾದ ಮೇಲೆ ಇದನ್ನೆಲ್ಲ ಮೇಷ್ಟ್ರಿಗೆ ಒಪ್ಪಿಸಿದೆ. ಅವರು ನಗಲಿಲ್ಲ. ನೀನು ದಾರಿ ಕೂಡುವುದನ್ನು ಕೇಳಿಸಿಕೊಂಡೆ, ಜನ ನಿಲ್ಲುವುದನ್ನು ಬಿಟ್ಟುಬಿಟ್ಟೆ ಎಂದರು. ಹೊಳೆಯ ದಡದಲ್ಲಿ ಎಂಥವನೂ ದೋಣಿಗಾಗಿ ನಿಲ್ಲಲೇಬೇಕು, ನಿಂತವನು ಮಾತಾಡುತ್ತಾನೆ, ಮಾತಾಡಿದವನು ಕೊಳ್ಳುತ್ತಾನೆ, ಊರು ಹುಟ್ಟುವುದು ಅಲ್ಲಿ ಎಂದರು. ಆಮೇಲೆ, ಆ ಕಲ್ಲಿನ ವಿಷಯ ಮಾತ್ರ ನನ್ನ ಪುಸ್ತಕದಲ್ಲಿಲ್ಲ ಕಣಮ್ಮ ಎಂದರು.

ಈಗ ಅಜ್ಜಿ ಇಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಆ ದೊಡ್ಡ ಚಕ್ರ ತಿರುಗುವುದಿಲ್ಲ, ಸೈರನ್ ಕೂಗುವುದಿಲ್ಲ, ಲೈನಿನ ಗಂಡಸರು ಕತ್ತಲಿರುವಾಗಲೇ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಾರಂತೆ. ಮೊಸರು ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಅದಕ್ಕಾಗಿ ಯಾರೂ ಯಾರನ್ನೂ ಕಾಯಬೇಕಾಗಿಲ್ಲ. ಹೋದ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಗಣಿಯ ಪಕ್ಕದ ಊರಿಗಾಂ ಎಂಬಲ್ಲಿಗೆ ಹೋದವಳು, ಮನಸ್ಸು ತಡೆಯದೆ ನಂದಿದುರ್ಗದ ತನಕ ನಡೆದೆ. ನಲ್ಲಿ ಇದ್ದಲ್ಲಿ ತುಕ್ಕು ಹಿಡಿದ ಕೊಳವೆಯ ಮೋಟು. ಅರ್ಧ ಮನೆಗಳಿಗೆ ಬೀಗ. ಬೇವಿನ ಮರ ಇತ್ತು, ನೆರಳೂ ಇತ್ತು. ನಾನು ಸುತ್ತ ಹುಡುಕಿ ಒಂದು ಕಲ್ಲು ತಂದು ಅದರ ಬುಡದಲ್ಲಿಟ್ಟೆ.

ಬಿಂದಿಗೆ ಹಿಡಿದು ಹೋಗುತ್ತಿದ್ದ ಹುಡುಗಿಯೊಬ್ಬಳು ನಿಂತಳು. “ಇಲ್ಲಿ ನೀರು ಬರಲ್ಲ ಆಂಟಿ, ಟ್ಯಾಂಕರು ಆ ಕಡೆ ನಿಲ್ತದೆ. ಯಾರಿಗೆ ಜಾಗ ಹಿಡಿದಿದ್ದೀರಿ?”

“ನಮ್ಮಜ್ಜಿಗೆ,” ಎಂದೆ. “ಬತ್ತಾಳೆ.”

ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಕಲ್ಲನ್ನು ನೋಡಿದಳು. ಆಮೇಲೆ ಕಲ್ಲಿಗೆ ಕಾಲು ತಾಗದ ಹಾಗೆ ಬಳಸಿಕೊಂಡು ಟ್ಯಾಂಕರಿನ ಕಡೆ ನಡೆದಳು.