ಮಗ್ಗದ ಗುಂಡಿಯ ಮೇಲಿಟ್ಟ ಸಬ್‌ವೂಫರ್

ಸಬ್‌ವೂಫರಿಗೆ ಹನ್ನೊಂದೂವರೆ ಸಾವಿರ, ವೈರಿಗೆ ಆರುನೂರು. ಮಾರಿದವರು ಕೊಯಮತ್ತೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದರು. ಅವರು ಹೇಳಿದ್ದು ಹದಿನೆಂಟು. ಮನೆ ಖಾಲಿ ಮಾಡುವವರ ಹತ್ತಿರ ವ್ಯಾಪಾರಕ್ಕೆ ಹೋಗುವುದಾದರೆ ಸಾಮಾನಿನ ಗಾಡಿ ಬಾಗಿಲಿಗೆ ಬಂದು ನಿಂತ ಮೇಲೆ ಹೋಗಬೇಕು. ನಾನು ಹಾಗೇ ಹೋದೆ. ಕೆಳಸ್ವರ ನುಡಿಸುವ ಆ ಸ್ಪೀಕರ್ ಪೆಟ್ಟಿಗೆಯ ಮೂಲೆಯಲ್ಲಿದ್ದ ಒಂದು ಗೀರು ತೋರಿಸಿದೆ, ಕೊಟ್ಟ ಟೀ ಕುಡಿದೆ, ಎದ್ದು ಚಪ್ಪಲಿ ಹಾಕಿಕೊಂಡೆ. ಚಪ್ಪಲಿ ಹಾಕಿಕೊಂಡ ಮೇಲೆ ಅವರು ಹೇಳುತ್ತಾರಲ್ಲ, ಅದೇ ನಿಜವಾದ ಬೆಲೆ.

ಕೊಂಡದ್ದು ಯಾಕೆಂದರೆ, ಮನೆ ಟೊಳ್ಳಾಗಿತ್ತು. ಸೋಮನೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಓಡುತ್ತಿದ್ದವು. ಒಂದೊಂದನ್ನೂ ನಾನೇ ದುಡಿದು ಹಾಕಿದ್ದು. ಹೆಂಡತಿ ತೀರಿಕೊಂಡ ಮೇಲೆ ಅವನ್ನೂ ಮಾರಿದೆ, ಒಳ್ಳೆಯ ಬೆಲೆಗೇ ಮಾರಿದೆ. ಆದರೆ ಅಡುಗೆಮನೆಯ ಕಪಾಟಿನಲ್ಲಿ ಲೋಟಗಳು ನಡುಗುವುದು ನಿಂತುಹೋಯಿತು. ನೆಲ ಸುಮ್ಮನಾಯಿತು. ಇಂಥ ಮನೆಯಲ್ಲಿ ನನ್ನ ಹಳೆಯ ಆಂಪ್ಲಿಫೈಯರ್, ಎರಡು ಸಣ್ಣ ಸ್ಪೀಕರುಗಳಲ್ಲಿ ಹಾಡು ಹಾಕಿದರೆ ಅದಕ್ಕೆ ಕಾಲೇ ಇಲ್ಲವೆನ್ನಿಸುತ್ತಿತ್ತು.

ಹಾಡು ಕೇಳುವುದಕ್ಕೆ ಭಾನುವಾರ ಭಾವ ಬರುತ್ತಿದ್ದರು. ತೀರಿಹೋದ ನನ್ನ ಅಕ್ಕನ ಗಂಡ. ನನ್ನ ಮಗ್ಗಗಳನ್ನು ನಡೆಸಿದವರೂ ಅವರೇ. ಮಗ್ಗ ಹೋದ ಮೇಲೆ ಪೆರಿಯನಾಯಕನಪಾಳ್ಯದಲ್ಲಿ ಮಗಳ ಮನೆ ಸೇರಿದ್ದರು. ಎರಡು ಬಸ್ಸು ಹತ್ತಿ ಬರಬೇಕು. ಬಂದರೆ ಊಟ, ಕಾಪಿ, ಹಳೆಯ ಸಿನಿಮಾ ಹಾಡು. ಪೇಟೆಯಲ್ಲಿ, ಬ್ಯಾಂಕಿನಲ್ಲಿ, ಬೀದಿಯಲ್ಲಿ ನನಗೆ ತಮಿಳೇ. ಮನೆಮಾತು ಕನ್ನಡ ಬಾಯಿಗೆ ಬರುವುದು ಆ ಒಂದು ಮಧ್ಯಾಹ್ನ ಮಾತ್ರ.

ಪೆಟ್ಟಿಗೆ ತಂದ ದಿನ ರಿಪೇರಿ ಅಂಗಡಿಯವನೊಬ್ಬ ಹೇಳಿದ ಹಾಗೆ ಆಂಪ್ಲಿಫೈಯರಿನ ವೈರನ್ನು ಸಬ್‌ವೂಫರಿಗೆ ಕೊಟ್ಟೆ, ಅಲ್ಲಿಂದ ಸ್ಪೀಕರುಗಳಿಗೆ ಎಳೆದೆ. ನಡುಮನೆಯಲ್ಲಿ ಹಲಗೆ ಹಾಸಿದ ಜಾಗ ಖಾಲಿ ಇತ್ತು, ವೈರೂ ಉಳಿಯಿತು, ಪೆಟ್ಟಿಗೆಯನ್ನು ಅಲ್ಲೇ ಇಟ್ಟೆ. ಮೊದಲ ಹಾಡಿಗೇ ಎದೆಯೊಳಗೆ ಧಡ್ ಎಂದಿತು. ಲೋಟಗಳು ನಡುಗಿದವು. ತುಂಬ ದಿನದ ಮೇಲೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಿತು.

ಆ ಭಾನುವಾರ ಭಾವ ಒಂದೇ ಹಾಡು ಕೇಳಿದರು. ಕಾಪಿ ಕುಡಿದು ಬೇಗನೆ ಹೊರಟರು. ಮುಂದಿನ ವಾರ ಊಟ ಮುಗಿದ ಕೂಡಲೇ ಎದ್ದರು. ಆಮೇಲೆ ಮಂಡಿನೋವು ಎಂದು ಫೋನು ಬಂತು. ನಾನು ದುಡ್ಡು ಪೋಲು ಮಾಡಿದ್ದು ಅವರಿಗೆ ಹಿಡಿಸಲಿಲ್ಲ ಅಂದುಕೊಂಡೆ. ಭಾನುವಾರಗಳು ಹಾಗೇ ಕಳೆದವು. ನನ್ನ ಕನ್ನಡ ನನ್ನೊಳಗೇ ಉಳಿಯಿತು. ಕೊನೆಗೆ ಬಾಳೆಹಣ್ಣು ಹಿಡಿದು ನಾನೇ ಹೋದೆ. ಮಂಡಿನೋವಿನ ಭಾವ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಬೀದಿಯ ಕೊನೆಯಿಂದ ಚುರುಕಾಗಿ ನಡೆದುಬರುತ್ತಿದ್ದರು.

ಜಗಲಿಯಲ್ಲಿ ಕೂತ ಮೇಲೆ ಮಂಡಿ ಹೇಗಿದೆ ಎಂದು ಕೇಳಿದೆ.

"ಮಂಡಿಗೇನು, ಚೆನ್ನಾಗೇ ಅದೆ" ಎಂದರು. ಹಾಲಿನ ಪಾತ್ರೆ ಕೆಳಗಿಟ್ಟು, ನಮ್ಮವರು ಮಗ್ಗಕ್ಕೆ ತರಿ ಎನ್ನುತ್ತಾರೆ, ಆ ಮಾತಿನಲ್ಲೇ ಹೇಳಿದರು: "ನಲ್ವತ್ತು ವರ್ಷ ತರಿ ಮುಂದೆ ನಿಂತೆನಪ್ಪಾ. ಬಲಗಿವೀನ ಅದುಕ್ಕೇ ಕೊಟ್ಟೆ. ನೀನು ತರಿ ಮಾರ್ದಾಗ, ಸದ್ಯ ನಿಂತಿತಲ್ಲಾ ಅಂದ್ಕೊಂಡೆ. ಈಗ ಬೇರಂ ಮಾಡಿ, ಬೆಲೆ ಇಳಿಸಿ, ಆ ಸದ್ದನ್ನೇ ಮನೆಯೊಳಕ್ಕೆ ತಂದಿದ್ದೀ. ಸಿನಿಮಾ ಹಾಡಲ್ಲಿ ಆ ಅಮ್ಮ ಹಾಡೋದು ಎಲ್ಲಿ ಕೇಳ್ತದೆ?"

ಒಂದೇ ಶೆಡ್ಡಿನಲ್ಲಿ ಅಷ್ಟು ವರ್ಷ ಇದ್ದೆವು. ಆ ಸದ್ದು ಅವರಿಗೆ ಏನಾಗಿತ್ತೆಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಕೆಲಸಕ್ಕೆ ಕೂತೆ. ಹಲಗೆಯ ಕೆಳಗಿರುವುದು ನಮ್ಮ ಅಪ್ಪನ ಕೈಮಗ್ಗದ ಗುಂಡಿ. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ. ಅಪ್ಪ ಹೋದ ಮೇಲೆ ಮುಚ್ಚಿದ್ದೇ ಹೊರತು ಮಣ್ಣು ತುಂಬಿರಲಿಲ್ಲ. ಅದರ ಮೇಲೆ ಸಬ್‌ವೂಫರ್ ಇಡುವುದೆಂದರೆ ತಮಟೆಯ ಮೇಲೆ ತಮಟೆ ಇಟ್ಟ ಹಾಗೆ. ಮೊದಲು ಅಲ್ಲಿಂದ ಎತ್ತಿದೆ. ಸ್ಪೀಕರುಗಳನ್ನು ಮೊದಲಿನಂತೆ ಆಂಪ್ಲಿಫೈಯರಿಗೇ ಸೇರಿಸಿ, ಅದೇ ತುದಿಗಳಿಂದ ಬೇರೆ ಜೋಡಿ ವೈರು ಎಳೆದು ಸಬ್‌ವೂಫರಿಗೆ ಕೊಟ್ಟೆ. ಹಾಡುವ ಹೆಂಗಸಿನ ಗಂಟಲು ತೆಳ್ಳಗಾಗಿದ್ದದ್ದು ಅಷ್ಟಕ್ಕೇ ಸರಿಯಾಯಿತು. ಆಮೇಲೆ ಭಾವ ಕೂರುವ ಕುರ್ಚಿಯ ಮೇಲೆ ಪೆಟ್ಟಿಗೆ ಇಟ್ಟು ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಹೋದೆ. ಎಲ್ಲಿ ಕೆಳಸ್ವರ ಗುಂಯ್‌ಗುಟ್ಟದೆ ಸಮನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆಯ ಜಾಗ. ಅರವತ್ತು ದಾಟಿದವನು ಖಾಲಿ ಮನೆಯಲ್ಲಿ ಮಗುವಿನ ಹಾಗೆ ತೆವಳುವುದು ನೆನೆದು ನಗು ಬಂತು. ಜೊತೆಗೆ ನಗುವವರಿಲ್ಲದೆ ಅದು ಬೇಗ ನಿಂತಿತು.

ಕಷ್ಟವಾದದ್ದು ಪೆಟ್ಟಿಗೆಯ ನಾದವನ್ನು ಸ್ಪೀಕರುಗಳ ನಾದಕ್ಕೆ ಹೊಂದಿಸುವ ಫೇಸ್ ಸ್ವಿಚ್. ಒಬ್ಬರು ಕೂತು ಕೇಳಬೇಕು, ಇನ್ನೊಬ್ಬರು ಸ್ವಿಚ್ ಬದಲಿಸಬೇಕು. ನಾನೇ ಬದಲಿಸಿ ಕುರ್ಚಿಗೆ ಬಂದು ಕೂರುವಷ್ಟರಲ್ಲಿ ಹಿಂದಿನದು ಹೇಗಿತ್ತೆಂದು ಕಿವಿಗೆ ಮರೆತಿರುತ್ತಿತ್ತು. ದೀಪ ಹಚ್ಚುವ ಹೊತ್ತಿನವರೆಗೂ ಓಡಾಡಿದೆ.

ಹಾಡು ಈಗ ಸರಿಯಾಗಿ ಕೇಳುತ್ತದೆ, ಬನ್ನಿ ಎಂದು ಫೋನು ಮಾಡಿದೆ. ಭಾವ ಬಂದರು. ಎಡಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕೂತರು. ಒಂದು ಹಾಡು ಮುಗಿಯಿತು, ಇನ್ನೊಂದು ಹಾಕು ಎಂದು ಕೈ ಆಡಿಸಿದರು. ಅದೂ ಮುಗಿದ ಮೇಲೆ ಕೇಳಿದರು: "ಆ ಪೆಟ್ಟಿಗೆ ಮಾರ್ಬಿಟ್ಟೆಯಾ?"

ಪೆಟ್ಟಿಗೆ ಮೂಲೆಯಲ್ಲಿ, ನಾನು ಮೊದಲೇ ಹೊದಿಸಿದ್ದ ಟವೆಲಿನಡಿ, ಆ ಎರಡೂ ಹಾಡಿಗೆ ಮೆಲ್ಲಗೆ ನುಡಿದಿತ್ತು. "ಹೂಂ ಭಾವ, ಹದಿಮೂರಕ್ಕೆ" ಎಂದೆ.

"ಅದುಕ್ಕೇನ್ ಕೇಳೋದು. ನಷ್ಟಕ್ಕೆ ಮಾರೋ ಆಳಾ ನೀನು" ಎಂದು ನಕ್ಕರು. ಅಂದು ಕೊನೆಯ ಬಸ್ಸಿಗೆ ಹೋದರು.

ಈಗ ಭಾನುವಾರ ತಪ್ಪುವುದಿಲ್ಲ. ಉಳಿದ ದಿನ ಸಂಜೆ ನಾನು ವಾಲ್ಯೂಮ್ ಏರಿಸಿ, ಬರಿಗಾಲನ್ನು ನೆಲಕ್ಕೊತ್ತಿ ಕೂರುತ್ತೇನೆ. ಬೇಡ ಎನ್ನುವವರು ಯಾರೂ ಇಲ್ಲ. ಶನಿವಾರ ಮತ್ತೆ ಇಳಿಸಿಡುತ್ತೇನೆ.

ನೀವು ಕೊಳ್ಳುವುದಾದರೆ ಕೇಳಿ. ಕರೆಂಟು ಆರಿಸದೆ ವೈರು ಮುಟ್ಟಬೇಡಿ. ಸ್ಪೀಕರುಗಳ ದಾರಿಯಲ್ಲಿ ಸಬ್‌ವೂಫರನ್ನು ಅಡ್ಡ ತರಬೇಡಿ. ಅದಕ್ಕೆ ಬೇರೆ ಜೋಡಿ ಎಳೆಯಿರಿ, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಕ್ರಾಸ್‌ಓವರ್ ತಿರುಪನ್ನು, ಅಂದರೆ ಯಾವ ಸ್ವರದಿಂದ ಕೆಳಗೆ ಪೆಟ್ಟಿಗೆ ನುಡಿಯಬೇಕೆಂಬುದನ್ನು, ಎಂಬತ್ತು ಹರ್ಟ್ಜ್ ಆಸುಪಾಸಿನಿಂದ ಶುರುಮಾಡಿ, ಗಂಡಸಿನ ದನಿ ಪೆಟ್ಟಿಗೆಯಿಂದ ಬರುವಂತಿದ್ದರೆ ಇನ್ನೂ ಇಳಿಸಿ. ಪೆಟ್ಟಿಗೆ ಎಲ್ಲಿದೆಯೆಂದು ಕಿವಿಗೆ ಗೊತ್ತಾಗಬಾರದು, ಆರಿಸಿದಾಗ ಮಾತ್ರ ಏನೋ ಕಮ್ಮಿಯಾಯಿತು ಅನ್ನಿಸಬೇಕು. ಫೇಸ್ ಸ್ವಿಚ್ಚಿಗೆ ಮಾತ್ರ ಇನ್ನೊಬ್ಬರನ್ನು ಕರೆದುಕೊಳ್ಳಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ನನ್ನ ಹಾಗೆ ಸಂಕೋಚಪಡಬೇಡಿ. ಐದು ನಿಮಿಷದ ಕೆಲಸ, ಯಾರೂ ಇಲ್ಲ ಎನ್ನುವುದಿಲ್ಲ.