ಗೆರಟೆಗೆ ಬೀಳುತ್ತಿದ್ದ ಎಣ್ಣೆ

ಸತ್ತವರು ಸೂಚನೆ ಕೊಡುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಲಾಯಿಲದಲ್ಲಿ ನನ್ನದೊಂದು ಗ್ಯಾರೇಜು ಉಂಟು. ಜೀಪು, ಪಿಕಪ್ಪುಗಳ ಅಡಿಯಲ್ಲಿ ಮಲಗಿಯೇ ತಲೆ ನೆರೆಯಿತು. ಬಂಪರಿಗೆ ನಿಂಬೆಹಣ್ಣು ಕಟ್ಟಿಕೊಂಡು ಬಂದು, ಇಂಥ ತಿರುವಿನಲ್ಲಿ ಗಾಡಿ ತನ್ನಷ್ಟಕ್ಕೆ ಆಫ್ ಆಗುತ್ತದೆ ಎನ್ನುವವರಿಗೆ ನಾನು ಡೀಸೆಲ್ ಫಿಲ್ಟರ್ ಬಿಚ್ಚಿ, ಅದರೊಳಗಿನ ಕೆಸರು ತೋರಿಸಿ, ನಿಮ್ಮ ಪ್ರೇತ ಇಲ್ಲಿ ಕೂತಿದೆ ನೋಡಿ ಎಂದು ತಮಾಷೆ ಮಾಡುತ್ತಿದ್ದೆ. ಈಗ ನಾನೇ ಇಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಯೋಗೀಶ ನನ್ನ ತಮ್ಮ. ವಾಮದಪದವಿನಿಂದ ಸ್ವಲ್ಪ ಒಳಗೆ ಅವನ ಮನೆ. ಅಲ್ಲಿಂದ ಮೇಲೆ ಗುಡ್ಡದ ಮನೆಗಳಿಗೆ ಬಸ್ಸಿಲ್ಲ. ಅವನ ಹಳೇ ಫೋರ್‌ವೀಲ್ ಜೀಪೇ ಬಸ್ಸು, ಅದೇ ಆಂಬುಲೆನ್ಸು. ರಬ್ಬರ್ ಶೀಟು, ಗ್ಯಾಸ್ ಸಿಲಿಂಡರು, ಹೆರಿಗೆಗೆ ಹೋಗುವ ಹೆಂಗಸರು, ಎಲ್ಲ ಅದರಲ್ಲೇ. ಆ ಜೀಪಿಗೊಂದು ಹಳೇ ಕಾಯಿಲೆ ಇತ್ತು. ಇಂಥ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಅಂಟಿಕೊಂಡಿರುತ್ತದೆ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವುದು ಅದರ ಕೆಲಸ. ಟ್ರಾನ್ಸ್‌ಫರ್ ಕೇಸ್ ಎನ್ನುತ್ತೇವೆ. ಇವೆರಡರ ನಡುವಿನ ಪ್ಯಾಕಿಂಗು, ಸೀಲು ಹಾಳಾದರೆ ಗೇರ್ ಆಯಿಲ್ ಆ ಸಂದಿನಿಂದ ಹನಿಯತೊಡಗುತ್ತದೆ. ಯೋಗೀಶನ ಜೀಪಿನಲ್ಲಿ ಹನಿಯುತ್ತಿದ್ದದ್ದು ಅದೇ.

ಒಂದು ದಿನ ಗಾಡಿ ಬಿಟ್ಟು ಹೋಗು ಮಾರಾಯ, ಸರಿ ಮಾಡಿ ಕೊಡ್ತೇನೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆ ಒಂದು ದಿನ ಗುಡ್ಡದವರು ಎಂಥ ಮಾಡುವುದು ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ಅರ್ಧ ತೆಂಗಿನ ಗೆರಟೆಯೊಂದನ್ನು ಜೀಪಿನ ಅಡಿಯಲ್ಲಿಟ್ಟಿದ್ದ. ಬೆಳಿಗ್ಗೆ ಸೋರಿದಷ್ಟು ಹೊಸ ಎಣ್ಣೆ ಹಾಕಿ, ಗೆರಟೆಯನ್ನು ಹೆಂಡತಿ ಶಶಿಕಲಾಳ ಕೈಗೆ ಕೊಟ್ಟು ಹೊರಡುತ್ತಿದ್ದ. ಅವಳು ಆ ಎಣ್ಣೆಯನ್ನು ಗೆದ್ದಲು ಹಿಡಿಯದ ಹಾಗೆ ಬೇಲಿಯ ಕಂಬಗಳಿಗೆ ಬಳಿಯುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯ ಬೆಳಗು ಶುರುವಾಗುತ್ತಿದ್ದದ್ದೇ ಹಾಗೆ.

ಒಂದು ಮಳೆಗಾಲದಲ್ಲಿ ಅವನಿಗೆ ಇಲಿಜ್ವರ ಬಂತು. ಸಾದಾ ಜ್ವರ ಎಂದುಕೊಂಡು ಜೀಪು ಓಡಿಸಿಯೇ ಓಡಿಸಿದ. ಆಮೇಲೆ ಅದು ಕಿಡ್ನಿಗೆ ಹೋಯಿತು. ಊರಿನ ಎಷ್ಟೋ ಜನರನ್ನು ಆಸ್ಪತ್ರೆಗೆ ಮುಟ್ಟಿಸಿದವನನ್ನು ನಾವು ಬೇರೆಯವರ ಕಾರಿನಲ್ಲಿ ಕೊಂಡುಹೋದೆವು. ಅವನು ಜೀವಂತ ಹಿಂದೆ ಬರಲಿಲ್ಲ. ನನ್ನ ಹೆಗಲ ಮೇಲೆ ಕೂತು ಬೆಳೆದವನಿಗೆ ಅದೇ ಹೆಗಲು ಕೊಟ್ಟೆ. ಇದಕ್ಕಿಂತ ಹೆಚ್ಚು ಹೇಳಿ ಸುಖ ಇಲ್ಲ.

ಜೀಪು ಅವನು ನಿಲ್ಲಿಸಿದಲ್ಲೇ, ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತು. ಅದನ್ನು ಮುಟ್ಟಲು ನನಗೆ ಮನಸ್ಸು ಬರಲಿಲ್ಲ. ವರ್ಷದ ಕಾರ್ಯ ಮುಗಿದು ಕೆಲವು ತಿಂಗಳಾದ ಮೇಲೆ ಮೂಡುಬಿದಿರೆ ಕಡೆಯ ತೋಟದವರೊಬ್ಬರು ಜೀಪು ಕೇಳಿದರು, ಸೋರುವುದು ಮಾತ್ರ ನಿಲ್ಲಬೇಕು ಎಂದರು. ನಿಂತಲ್ಲೇ ತುಕ್ಕು ಹಿಡಿಯುವುದಕ್ಕಿಂತ ಯಾರಾದರೂ ಓಡಿಸಲಿ ಎಂದು ನಾನೇ ಹೇಳಿದೆ. ಶಶಿಕಲಾ, ಆಯಿತು ಬಾವ, ಸರಿ ಮಾಡಿ ಕೊಡಿ ಎಂದಳು. ಒಂದು ಭಾನುವಾರ ಸಾಮಾನು ಹಿಡಿದುಕೊಂಡು ಹೋದೆ.

ಗೋಣಿ ಹಾಸಿ ಜೀಪಿನ ಅಡಿಗೆ ಸರಿದಾಗ ಮೊದಲು ಕೈಗೆ ತಾಗಿದ್ದು ಗೆರಟೆ. ಅದರಲ್ಲಿ ಎಣ್ಣೆ ಇತ್ತು. ನೋಡುತ್ತಿದ್ದ ಹಾಗೆಯೇ ಮೇಲಿನಿಂದ ಇನ್ನೊಂದು ಹನಿ ಬಿತ್ತು. ನನ್ನ ಮಂಡೆ ಓಡಲಿಲ್ಲ. ನಿಂತ ಗಾಡಿಯಲ್ಲಿ ಎಣ್ಣೆಯ ಮಟ್ಟ ಆ ಸಂದಿಗಿಂತ ಕೆಳಗಿಳಿದ ಮೇಲೆ ಹನಿಯುವುದು ನಿಲ್ಲಲೇಬೇಕು. ಕೆಲವು ವಾರ, ಅಷ್ಟೇ. ಇದರಲ್ಲಿ ವಾದವೇ ಇಲ್ಲ. ಈ ಗೆರಟೆ ಯಾವಾಗ ಇಟ್ಟದ್ದು ಎಂದು ಅಲ್ಲಿಂದಲೇ ಕೇಳಿದೆ.

“ಯಾವಾಗ ಅಂದ್ರೆ? ಯಾವಾಗಲೂ ಉಂಟಲ್ಲ ಬಾವ,” ಎಂದಳು ಶಶಿಕಲಾ. “ದಿನಾ ಬೆಳಿಗ್ಗೆ ತೆಗೀತೇನೆ. ಅವರು ಇರುವಾಗ ತೆಗೆದ ಹಾಗೆ.”

ಹೊರಗೆ ಬಂದು ಬೇಲಿ ನೋಡಿದೆ. ಬೇಲಿಯ ಕಂಬಗಳು ಮುಗಿದು ಗೇಟು, ಗೇಟು ಮುಗಿದು ದನದ ಹಟ್ಟಿಯ ಮಾಡಿನ ಪಕಾಸಿನ ಮರಗಳು, ಹಾರೆ ಗುದ್ದಲಿಗಳ ಹಿಡಿ, ಎಲ್ಲವೂ ಎಣ್ಣೆ ಕುಡಿದು ಮಿರುಗುತ್ತಿದ್ದವು. ಜೀಪಿನ ಆ ಎರಡು ಪೆಟ್ಟಿಗೆಗಳಲ್ಲಿ ಅಷ್ಟು ಎಣ್ಣೆ ಹಿಡಿಯುವುದೇ ಇಲ್ಲ.

ಯಾರೋ ಹಾಕುತ್ತಿದ್ದಾರೆ ಎಂದು ಎಣ್ಣೆ ಹಾಕುವ ಪ್ಲಗ್ಗನ್ನು ಹುಡುಕಿದೆ. ಅದು ಕಾಣಲಿಲ್ಲ. ಅದರ ಮೇಲೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹೊಸ ಗೂಡಲ್ಲ, ಮರಿಗಳು ಹಾರಿಹೋಗಿ, ಒಣಗಿ, ಧೂಳು ಕೂತ ಗೂಡು. ಎಣ್ಣೆ ಸುರಿಯಲು ಇರುವ ಇನ್ನೊಂದು ದಾರಿ ಎಂದರೆ ಮೇಲಿನ ಗೇರ್ ಲಿವರಿನ ಮುಚ್ಚಳ, ಅದನ್ನೂ ನೋಡಿದೆ. ಅದರ ಬೋಲ್ಟುಗಳ ಮೇಲೂ ಧೂಳು ಹಾಗೆಯೇ ಇತ್ತು. ಗೂಡು ಒಡೆದು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಹಾಕಿದ ಮೇಲೆ ಆ ತುಕ್ಕು ಹಿಡಿದ ಪ್ಲಗ್ಗು ತಿರುಗಿತು. ತಿರುಗಿದ ಕೂಡಲೇ ಎಣ್ಣೆ ನನ್ನ ಕೈಮೇಲೆ ಹರಿಯಿತು. ಬಾಯಿಯವರೆಗೂ ತುಂಬಿತ್ತು, ಡಬ್ಬಿಯಿಂದ ಈಗಷ್ಟೇ ಸುರಿದ ಹಾಗೆ ಜೇನಿನ ಬಣ್ಣ.

ನಾನು ಹೊರಗೆ ಬಂದು ನೆಲದ ಮೇಲೆ ಕೂತೆ. ಶಶಿಕಲಾ ನೀರು ಬೆಲ್ಲ ತಂದಿಟ್ಟು ಏನಾಯಿತು ಎಂದು ಕೇಳಿದಳು. ಏನೂ ಇಲ್ಲ ಎಂದೆ. ಬೇರೆ ಎಂಥ ಹೇಳುವುದು? ಕೆಲಸ ಹಿಡಿದು ಬಂದವನು, ಕೆಲಸ ಮಾಡಿದೆ. ಜಾಕ್ ಕೊಟ್ಟು ಎರಡು ಪೆಟ್ಟಿಗೆಗಳನ್ನೂ ಬೇರ್ಪಡಿಸಿದೆ. ಪ್ಯಾಕಿಂಗು ಹರಿದಿತ್ತು, ಸೀಲು ಕಲ್ಲಾಗಿತ್ತು. ಸೋರುವುದಕ್ಕೆ ಎಲ್ಲ ಕಾರಣವೂ ಕಣ್ಣೆದುರಿಗಿತ್ತು. ತುಂಬುವುದಕ್ಕೆ ಒಂದೂ ಇರಲಿಲ್ಲ. ಹೊಸದು ಹಾಕಿ, ಬಿಗಿದು, ಎಣ್ಣೆ ತುಂಬಿಸಿ ಮುಚ್ಚಿದೆ. ಚೆನ್ನಾಗಿಯೇ ಮಾಡಿದೆ. ನನ್ನ ದುಃಖವೂ ಅದೇ.

ಮರುದಿನ ಬೆಳಿಗ್ಗೆಯೇ ಅವಳ ಫೋನು ಬಂತು. ಇವತ್ತು ಒಂದು ಹನಿಯೂ ಇಲ್ಲ ಬಾವ ಎಂದಳು. ಹಾಗಾದರೆ ಕೆಲಸ ಸರಿಯಾಗಿದೆ ಎಂದೆ. ಗೆರಟೆ ಖಾಲಿ ಉಂಟು ಬಾವ ಎಂದು ಮತ್ತೊಮ್ಮೆ ಹೇಳಿ ಫೋನು ಇಟ್ಟಳು.

ಅದೇ ವಾರ ಅವಳು ಬಸ್ಸು ಹತ್ತಿ ಲಾಯಿಲಕ್ಕೆ ಬಂದಳು. ಗ್ಯಾರೇಜಿಗೆ ಎಂದೂ ಕಾಲಿಟ್ಟವಳಲ್ಲ. ಟಯರುಗಳ ನಡುವೆ ನಿಂತುಕೊಂಡು, ಮೂಡುಬಿದಿರೆಯವರಿಗೆ ಬೇಡ ಹೇಳಿ ಎಂದಳು. ಆಮೇಲೆ ತಲೆ ತಗ್ಗಿಸಿ ಕೇಳಿದಳು: “ಅದನ್ನು ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ?”

ಸೋರುವುದನ್ನು ನಿಲ್ಲಿಸಿ ಕೊಡಿ ಎಂದು ಬಂದವರಿಗೆ ಲೆಕ್ಕವಿಲ್ಲ. ಸೋರುವ ಹಾಗೆ ಮಾಡಿ ಕೊಡಿ ಎಂದು ಕೇಳಿದವಳು ಅವಳೊಬ್ಬಳೇ. ಯಾಕೆ ಎಂದು ಕೇಳುವಷ್ಟು ಕಲ್ಲುಮನಸ್ಸು ನನಗಿರಲಿಲ್ಲ. ಮುಂದಿನ ಭಾನುವಾರ ಹೋಗಿ ಮತ್ತೆ ಎಲ್ಲ ಬಿಚ್ಚಿ, ಆ ಹರಿದ ಪ್ಯಾಕಿಂಗನ್ನೂ ಹಳೇ ಸೀಲನ್ನೂ ಹಾಕಿದೆ. ಎಣ್ಣೆ ತುಂಬಿಸಿದೆ. ಸಂಜೆಗೆ ಮೊದಲ ಹನಿ ಗೆರಟೆಗೆ ಬಿತ್ತು. ಬಗ್ಗಿ ನೋಡುತ್ತಿದ್ದ ಶಶಿಕಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ಹನಿ ಕೆಲವು ವಾರ ಬಿತ್ತು. ದಿನದಿಂದ ದಿನಕ್ಕೆ ನಿಧಾನವಾಯಿತು. ಒಂದು ದಿನ ನಿಂತಿತು. ನಿಂತ ಗಾಡಿಯಲ್ಲಿ ಹೇಗೆ ನಿಲ್ಲಬೇಕೋ ಹಾಗೆಯೇ. ಪ್ಲಗ್ಗು ಬಿಚ್ಚಿ ಬೆರಳು ಹಾಕಿದೆ. ಎಣ್ಣೆ ಸಂದಿಯ ಕೆಳಗೆ ಇಳಿದಿತ್ತು. ಮೊದಲ ಸಲ ಇಷ್ಟೇ ಆಗಬೇಕಿತ್ತು. ಯಾಕೆ ಆಗಲಿಲ್ಲ ಎಂದು ತಿಳಿದವರನ್ನೆಲ್ಲ ಕೇಳಿದೆ. ಕೆಲವರು ನಾನು ನೋಡಿದ್ದೇ ತಪ್ಪಿರಬೇಕು ಎಂದರು. ಕೆಲವರು ಜೋಯಿಸರ ಹತ್ತಿರ ಹೋಗುವ ಎಂದರು. ಎರಡರಿಂದಲೂ ನನಗೆ ಸಮಾಧಾನವಾಗಲಿಲ್ಲ.

ಕಡೆಗೆ ನನಗೆ ತೋಚಿದ್ದು ಒಂದೇ. ಗೇರ್ ಆಯಿಲಿನ ಕ್ಯಾನು ಹಿಡಿದುಕೊಂಡು ಹೋಗಿ, ಇನ್ನು ನಾನೇ ಆಗಾಗ ಬಂದು ತುಂಬಿಸಿ ಹೋಗುತ್ತೇನೆ, ನಿನಗೆ ಬೆಳಿಗ್ಗೆ ಗೆರಟೆ ತೆಗೆಯುವ ಕೆಲಸ ತಪ್ಪುವುದಿಲ್ಲ ಎಂದೆ. ಕಣಜದ ಗೂಡಿನ ವಿಷಯವಾಗಲಿ, ಎಣ್ಣೆ ಬಾಯಿಯವರೆಗೆ ತುಂಬಿದ್ದ ವಿಷಯವಾಗಲಿ ನಾನು ಅವಳಿಗೆ ಅಂದಿನವರೆಗೂ ಹೇಳಿರಲಿಲ್ಲ. ಅವಳು ನನ್ನ ಕೈಯಿಂದ ಕ್ಯಾನು ತೆಗೆದುಕೊಂಡು ಜಗಲಿಯ ಮೇಲಿಟ್ಟಳು.

“ಬೇಡ ಬಾವ,” ಎಂದಳು. “ನೀವು ಹಾಕಿದ್ರೆ ಅದು ನೀವು ಹಾಕಿದ ಎಣ್ಣೆ.”

ಅಷ್ಟು ದಿನ ಹಾಕಿದ್ದು ಯಾರು ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.