ಶೆಟ್ರ ರಕ್ತದ ತುಕ್ಕು

ಕರುಳಿನ ಕ್ಯಾನ್ಸರ್ ಇದ್ದವರು, ಹೊಟ್ಟೆಯಲ್ಲಿ ಹುಳ ಇದ್ದವರು, ಎರಡೂ ಇಲ್ಲದವರು: ಇವರ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಜೀವಕೋಶಕ್ಕೆ ಹಿಡಿಯುವ ಒಂಥರಾ ತುಕ್ಕು, ಎಷ್ಟಿದೆ ಅಂತ ಅಳೆಯೋದು ಪುಣೆಯ ಲ್ಯಾಬಿನಲ್ಲಿ ನನ್ನ ಕೆಲಸ. ಕಾತ್ರಜದಲ್ಲಿ ಹೋಟೆಲ್ ನಡೆಸುವ ಶೆಟ್ರು ಆರೋಗ್ಯವಂತರ ಗುಂಪಿಗೆ ತಾವಾಗಿಯೇ ಬಂದು ರಕ್ತ ಕೊಟ್ಟಿದ್ದರು. ಅವರ ಅಣ್ಣ ಕರುಳಿನ ಕ್ಯಾನ್ಸರಿನಿಂದಲೇ ತೀರಿಕೊಂಡಿದ್ದರು.

ಶೆಟ್ರ ತುಕ್ಕು ಕ್ಯಾನ್ಸರ್ ರೋಗಿಗಳ ಮಟ್ಟಕ್ಕೇ ಬಂತು. ಮತ್ತೆ ಅಳೆದರೂ ಅಷ್ಟೇ. ಡಾಕ್ಟರು ಮಲಪರೀಕ್ಷೆ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೊಸ್ಕೋಪಿ ಎರಡನ್ನೂ ಮಾಡಿಸಿದರು. ರಿಪೋರ್ಟಿನ ದಿನ ಡಾಕ್ಟರು ಬರೋದು ತಡವಾಯಿತು. ಶೆಟ್ರು ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತು ಕರವಸ್ತ್ರ ಹಿಂಡುತ್ತಿದ್ದರು.

"ಅಣ್ಣನನ್ನೂ ಹೀಗೇ ಕೂರಿಸಿದ್ರು ಮಾರಾಯ್ರೆ. ಎಂತ ಉಂಟು, ಹೇಳಿಬಿಡಿ."

"ನಾ ಹೇಳೋ ಹಂಗಿಲ್ರಿ. ಡಾಕ್ಟರೇ ಹೇಳಬೇಕು."

"ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಈ ನಿಯಮ ಮಾಡಿದವರು ಯಾರೂ ಆ ಕುರ್ಚಿಯಲ್ಲಿ ಕೂತವರಲ್ಲ. ಡಾಕ್ಟರಿಗೆ ಕಾಯದೆ ಬಾಯಿಬಿಟ್ಟೆ. "ಕ್ಯಾನ್ಸರ್ ಇಲ್ರಿ. ಹೊಟ್ಟ್ಯಾಗ ಹುಳ ಅದಾವ, ಅಷ್ಟ."

ಅವರು ಕಣ್ಣು ಮುಚ್ಚಿ ಉಸಿರುಬಿಟ್ಟರು. ಮರುಗಳಿಗೆಯೇ ಎದ್ದು ಹೋಗಿ ಬಾಗಿಲು ಹಾಕಿದರು.

"ಇದು ಯಾರ್ಯಾರಿಗೆ ಗೊತ್ತುಂಟು?"

"ಡಾಕ್ಟರಿಗೆ, ನನಗ. ಯಾಕ್ರಿ?"

"ಕ್ಯಾನ್ಸರ್ ಅಂದಿದ್ರೆ ಜನ ಅಯ್ಯೋ ಪಾಪ ಅಂತಿದ್ರು. ಹೋಟೆಲಿನವನ ಹೊಟ್ಟೆಯಲ್ಲಿ ಹುಳ ಅಂದ್ರೆ ಯಾರು ಬರ್ತಾರೆ ಮಾರಾಯ್ರೆ?"

ಹೋಟೆಲಿನ ಹೆಸರು ಎಲ್ಲೂ ಎತ್ತೋದಿಲ್ಲ ಅಂತ ಮಾತು ಕೊಟ್ಟೆ, ಇವತ್ತಿಗೂ ಎತ್ತಿಲ್ಲ. ಅಲ್ಲಿಗೆ ಹೋದರೆ ಶೆಟ್ರೇ ಮುಂದೆ ನಿಂತು ಹಬೆಯಾಡುವ ಇಡ್ಲಿ ಬಡಿಸುತ್ತಾರೆ. ಬೇಯಿಸದ ಹಸಿ ಚಟ್ನಿ ಮಾತ್ರ ಅವರೂ ಹಾಕೋದಿಲ್ಲ, ನಾನೂ ಕೇಳೋದಿಲ್ಲ.